ಅಪ್ಪಯ್ಯನಿಗೆ, ಲಂಡನ್ನಿನಿಂದ

ಪ್ರೀತಿಯ ಅಪ್ಪಯ್ಯನಿಗೆ ನಮಸ್ಕಾರ. ನಾವೆಲ್ಲ ಆರಾಮ.

ಆಯಿಯ ಪತ್ರ ಬಂತು. ಸೋಂದಾ ಕಡೆ ವೀರಗಲ್ಲು ನೋಡಲು ಒಬ್ಬನೇ ಹೋಗಿ, ಶುಗರ್ ಇಳಿದು ದಾರಿಯಲ್ಲೇ ಕುಸಿದು ಕೂತಿದ್ದೆಯಂತೆ. ಓದಿದಾಗಿನಿಂದ ನನಗೆ ನಿದ್ದೆ ಇಲ್ಲ. ಕೋರ್ಟು ಬಿಟ್ಟ ಮೇಲೆ ಊರಿನ ಇತಿಹಾಸ, ಹಕ್ಕಿ, ಗಿಡ ಅಂತ ನೀನು ಬರೆಯುವುದು ನಮಗೆಲ್ಲ ಹೆಮ್ಮೆ. ಬರೆಯಬೇಡ ಅನ್ನುತ್ತಿಲ್ಲ. ಕಾಡಿಗೆ ಒಬ್ಬನೇ ಹೋಗಬೇಡ.

ಮೊನ್ನೆ ಟೆಂಪಲ್ ಚರ್ಚಿಗೆ ಹೋಗಿದ್ದೆ. ಇಲ್ಲಿ ವಕೀಲರಿಗೆ ಅವರದೇ ಚರ್ಚು, ಅವರದೇ ತೋಟ! ಗಾಂಧೀಜಿ 1891ರಲ್ಲಿ ಬ್ಯಾರಿಸ್ಟರ್ ಆಗಿದ್ದು ಪಕ್ಕದ ವಕೀಲರ ಸಂಘ ಇನ್ನರ್ ಟೆಂಪಲ್‌ನಿಂದಲೇ. ಡೇನ್ಸ್ ಬ್ಯಾರಿಂಗ್ಟನ್ ಎಂಬ ವಕೀಲರನ್ನು 1800ರಲ್ಲಿ ಮಣ್ಣು ಮಾಡಿದ್ದೂ ಈ ಚರ್ಚಿನಲ್ಲಿ. ಥೇಟ್ ನಿನ್ನ ಹಾಗೇ ಅಪ್ಪಯ್ಯ! ವೇಲ್ಸ್‌ನಲ್ಲಿ ಜಡ್ಜ್ ಆಗಿದ್ದರು. ಹಳೆಯ ಕಾನೂನುಗಳ ಮೇಲೆ ಪುಸ್ತಕ ಬರೆದರು. ಇಂಗ್ಲೆಂಡಿನ ನೈಋತ್ಯ ಮೂಲೆಯ, ಅಳಿಯುತ್ತಿದ್ದ ಕಾರ್ನಿಶ್ ಭಾಷೆ ಬಲ್ಲವರು ಯಾರಾದರೂ ಉಳಿದಿದ್ದಾರಾ ಅಂತ ಹುಡುಕಿ ಹೋಗಿ, ಡಾಲಿ ಪೆಂಟ್ರೀತ್ ಎಂಬ ಮೀನು ಮಾರುವ ಮುದುಕಿಯನ್ನು ಕಂಡರು. ಲಿನೆಟ್ ಹಕ್ಕಿಯ ಮರಿಗಳನ್ನು ಬೇರೆ ಜಾತಿಯ ಹಕ್ಕಿಗಳ ಜೊತೆ ಸಾಕಿ, ಅವು ಸಾಕಿದವರ ಹಾಡನ್ನೇ ಕಲಿಯುತ್ತವೆ ಅಂತ 1773ರಲ್ಲಿ ಬರೆದರು.

ನಿನಗೆ ಮುಖ್ಯವಾಗಿ ಹೇಳಬೇಕಾದ್ದು ಇದು. ಅವರು 1767ರಲ್ಲಿ ಒಂದು ದಿನಚರಿ ಅಚ್ಚು ಹಾಕಿಸಿದರು. ಪುಟದ ತುಂಬ ಖಾಲಿ ಕಾಲಂಗಳು: ಗಾಳಿ, ಮಳೆ, ಯಾವ ಮರ ಚಿಗುರಿತು, ಯಾವ ಹೂ ಅರಳಿತು, ಯಾವ ಹಕ್ಕಿ ಬಂತು. ಸೆಲ್ಬೋರ್ನ್ ಹಳ್ಳಿಯ ಪಾದ್ರಿ ಗಿಲ್ಬರ್ಟ್ ವೈಟ್ 1768ರಿಂದ 1793ರಲ್ಲಿ ಸಾಯುವವರೆಗೂ ಅದನ್ನು ತುಂಬಿದರು. ಜಾಸ್ತಿ ನೋಡಿದ್ದೆಲ್ಲ ತಮ್ಮ ಊರಲ್ಲೇ. ಬ್ಯಾರಿಂಗ್ಟನ್‌ಗೂ ಪೆನೆಂಟ್ ಎಂಬ ಇನ್ನೊಬ್ಬರಿಗೂ ವೈಟ್ ಬರೆದ ಪತ್ರಗಳು 1789ರಲ್ಲಿ ಪುಸ್ತಕವಾದವು. ಇಲ್ಲಿ ಈಗಲೂ ಜನ ಓದುತ್ತಾರೆ.

ನೀನೂ ಹಾಗೇ ಮಾಡು ಅಪ್ಪಯ್ಯ. ನಮ್ಮ ಜಗುಲಿಯಿಂದಲೇ ಎಷ್ಟೊಂದು ಕಾಣುತ್ತದೆ, ಅಲ್ವಾ? ಸುರಗಿ ಯಾವ ವಾರ ಅರಳಿತು, ಮಂಗಟ್ಟೆ ಯಾವತ್ತು ಹಣ್ಣಿಗೆ ಬಂತು, ಮಳೆ ಯಾವಾಗ ಹಿಡಿಯಿತು. ಕಾಲಂ ಹಾಕಿದ ನೋಟ್‌ಬುಕ್ ಕಳಿಸುತ್ತೇನೆ. ವೀರಗಲ್ಲು ನೋಡಲೇಬೇಕು ಅಂದರೆ ಭಾವನ ಜೊತೆ ಹೋಗು. ತಿಂಡಿ ತಿಂದೇ ಹೊರಡು. ಕಿಸೆಯಲ್ಲಿ ಸಕ್ಕರೆ ಪೊಟ್ಟಣ ಇರಲಿ.

ನನ್ನ ಚಿಂತೆ ಬೇಡವೇ ಬೇಡ. ಚಳಿ ಏನೂ ಇಲ್ಲ. ಕೆಲಸ ಚೆನ್ನಾಗಿದೆ, ಅಕ್ಕಿ ಬೇಳೆ ಎಲ್ಲ ಸಿಗುತ್ತದೆ, ದುಡ್ಡೂ ಬೇಕಾದಷ್ಟಿದೆ. ಔಷಧಿ ಖರ್ಚು ನನಗೆ ಬಿಡು. ಡಾಕ್ಟರ್ ಏನೆಂದರು ಅಂತ ಆಯಿಯ ಹತ್ತಿರ ಇವತ್ತೇ ಬರೆಸು.

ಬಸ್ಸಿಗೆ ಹೊತ್ತಾಯಿತು. ಎಲ್ಲರಿಗೂ ನಮಸ್ಕಾರ ಹೇಳು.

ನಿನ್ನ ಮಗಳು