ಸಹಿಯ ಮೇಲೆ ಬರೆಯಬೇಕಿದ್ದ ಒಂದು ಸಾಲು

ಮಾನ್ಯ ಸಂಪಾದಕರೇ,

ರಸ್ತೆ ಅಗಲೀಕರಣಕ್ಕೆ ನಮ್ಮ ಅಡಿಕೆ ತೋಟದ ಅಂಚು ಹೋದಾಗ, ಪರಿಹಾರ ಕಡಿಮೆಯೆಂದು ತಿಳಿದಿದ್ದರೂ ನನ್ನ ತಂದೆಯವರು ತೋರಿಸಿದ ಜಾಗದಲ್ಲಿ ಸುಮ್ಮನೆ ಸಹಿ ಹಾಕಿ ಬಂದರು. 2013ರ ಭೂಸ್ವಾಧೀನ ಕಾಯ್ದೆಯ 77ನೇ ಕಲಮಿನ ಪ್ರಕಾರ, ಮೊತ್ತ ಸಾಲದೆಂಬ ಆಕ್ಷೇಪವನ್ನು ಉಳಿಸಿಕೊಂಡೇ ಹಣ ಪಡೆಯಬಹುದು. ಆಕ್ಷೇಪವಿಲ್ಲದೆ ಪಡೆದವರಿಗೆ ಹೆಚ್ಚಿನ ಪರಿಹಾರ ಕೋರಿ 64ನೇ ಕಲಮಿನಡಿ ಅರ್ಜಿ ಸಲ್ಲಿಸುವ ಹಕ್ಕಿರುವುದಿಲ್ಲ. 1894ರ ಹಳೆಯ ಕಾಯ್ದೆಯಲ್ಲೂ ಇಂಥದೇ ನಿಯಮವಿತ್ತು. ‘ಆಕ್ಷೇಪಣೆಯೊಂದಿಗೆ, ನನ್ನ ಹಕ್ಕುಗಳನ್ನು ಕಾಯ್ದಿರಿಸಿಕೊಂಡು ಸ್ವೀಕರಿಸಿದ್ದೇನೆ’ ಎಂದು ಸಹಿಯ ಮೇಲೆ ಬರೆದಿದ್ದರೆ ಸಾಕಿತ್ತು. ಎಲ್ಲ ಖಾಸಗಿ ಕರಾರುಗಳಲ್ಲೂ ಇಂಥ ಬರಹಕ್ಕೆ ಇದೇ ಬಲವಿರುತ್ತದೆಂದು ನಾನು ಹೇಳುತ್ತಿಲ್ಲ. ಆದರೆ ಮಲೆನಾಡಿನ ರೈತರಿಗೆ ಕೊಡುವ ಪರಿಹಾರದ ರಸೀದಿಯಲ್ಲಿ ಈ ಸಾಲನ್ನು ಕನ್ನಡದಲ್ಲೇ ಮುದ್ರಿಸಿ, ಸಹಿಗೆ ಮುನ್ನ ಓದಿ ಹೇಳಬೇಕೆಂದು ಜಿಲ್ಲಾಡಳಿತವನ್ನು ಕೋರುತ್ತೇನೆ.

– ಒಬ್ಬ ಅಡಿಕೆ ಬೆಳೆಗಾರ, ತೀರ್ಥಹಳ್ಳಿ