ಕೊಕ್ಕರೆ ಬೆಳ್ಳೂರಿನ ಕ್ಯಾಮೆರಾ ಅಣ್ಣನಿಗೆ

ನಿಮ್ಮ ಹೆಸರು ಕೇಳಲೇ ಇಲ್ಲ ನೋಡಿ, ತಪ್ಪು ನನ್ನದೇ. ಫೆಬ್ರವರಿಯ ಒಂದು ಭಾನುವಾರ ಬೆಳಿಗ್ಗೆ, ಮದ್ದೂರು ತಾಲ್ಲೂಕಿನ ಕೊಕ್ಕರೆ ಬೆಳ್ಳೂರಲ್ಲಿ ಹುಣಸೆಮರದ ಕೆಳಗೆ ನನ್ನ ಮೊಬೈಲ್ ಹಿಡಿದು ಹೆಜ್ಜಾರ್ಲೆ (ಪೆಲಿಕನ್) ಹಕ್ಕಿಯ ಫೋಟೋ ತೆಗೆಯಲು ಒದ್ದಾಡುತ್ತಿದ್ದಳಲ್ಲ, ಅವಳೇ ನನ್ನ ಮಗಳು. ಒಂಬತ್ತು ವರ್ಷ.

ನೀವು ಸುಮ್ನೆ ನಿಮ್ಮ ಪಾಡಿಗೆ ಇರಬಹುದಿತ್ತು. ಆದರೆ ಕರೆದು, ಕ್ಯಾಮೆರಾದ ಪಟ್ಟಿಯನ್ನು ಅವಳ ಕೊರಳಿಗೆ ಹಾಕಿ, ಆ ದೊಡ್ಡ ಲೆನ್ಸನ್ನು ಕೆಳಗಿನಿಂದ ನೀವೇ ಹಿಡಿದುಕೊಂಡು (ನನಗೋ ಅದರ ಬೆಲೆ ನೆನೆದೇ ಬೆವರು) ಹೇಳಿಕೊಟ್ಟಿರಿ. ಸೆಕೆಂಡನ್ನು 2000 ತುಂಡು ಮಾಡಿದರೆ ಅದರಲ್ಲಿ ಒಂದೇ ತುಂಡು ಹೊತ್ತು ಒಳಗಿನ ಬಾಗಿಲು ತೆರೆಯುತ್ತೆ, ಅದಕ್ಕೇ ಹಾರುವ ರೆಕ್ಕೆ ನಿಂತ ಹಾಗೆ ಕಾಣುತ್ತೆ ಅಂತ. ನನಗೂ ಅವತ್ತೇ ಅರ್ಥವಾಗಿದ್ದು! ಫೋಕಸ್ ಕಣ್ಣಿನ ಮೇಲಿರಲಿ, ಗೂಡಿನ ಹತ್ತಿರ ಗಲಾಟೆ ಬೇಡ ಅಂದಿರಿ.

ತೆಗೆದ ಮೂವತ್ತರಲ್ಲಿ ಸರಿ ಬಂದಿದ್ದು ಎರಡು. ನೀವು ನಗಲಿಲ್ಲ, ಮಸುಕಾದವನ್ನೂ ಒಂದೊಂದಾಗಿ ತೋರಿಸಿ ಯಾಕೆ ಹಾಗಾಯ್ತು ಅಂತ ವಿವರಿಸಿದಿರಿ. ಅಷ್ಟು ತಾಳ್ಮೆ ನನಗಂತೂ ಇಲ್ಲ.

ತುಂಬಾ ಥ್ಯಾಂಕ್ಸ್. ಈಗ ನಮ್ಮನೆ ಕಾಗೆಗಳಿಗೆ ನೆಮ್ಮದಿಯಿಲ್ಲ, ನನ್ನ ಮೊಬೈಲಲ್ಲಿ ಜಾಗವಿಲ್ಲ.