ಭಾನುವಾರ ಗಾರುಡಿ ಗೊಂಬೆಯ ಮುಖ ನೋಡಲು ಬರುವವರಿಗೆ

ಆತ್ಮೀಯರೇ,

ಭಾನುವಾರ ಬೆಳಿಗ್ಗೆ 9ಕ್ಕೆ ಮಂಡ್ಯ ಬಸ್ ನಿಲ್ದಾಣದಲ್ಲಿ ಸೇರೋಣ. ದಸರಾ ಜಂಬೂಸವಾರಿಯಲ್ಲಿ ಜನರ ತಲೆಗಿಂತ ಎತ್ತರದಲ್ಲಿ ತೂಗಾಡುತ್ತ ಬರುವ ಗಾರುಡಿ ಗೊಂಬೆಗೆ ಮುಖ ಮೂಡುವುದನ್ನು ಕಲಾವಿದರ ಮನೆಯಂಗಳದಲ್ಲೇ ಕುಳಿತು ನೋಡಬಹುದು. ಮನುಷ್ಯ ಒಳಹೊಕ್ಕು ಕುಣಿಯುವ ಬಿದಿರಿನ ದೇಹವನ್ನು ಎಲ್ಲರೂ ಕಂಡಿದ್ದೇವೆ; ಮುಖದ ಕೆಲಸ ಕಂಡವರು ಕಡಿಮೆ. ಅಚ್ಚಿನ ಮೇಲೆ ಕಾಗದದ ಚೂರುಗಳನ್ನು ಪದರ ಪದರವಾಗಿ ಅಂಟಿಸುತ್ತಾರೆ. ಒಂದು ಪದರ ಒಣಗುವ ಮೊದಲೇ ಇನ್ನೊಂದನ್ನು ಹಚ್ಚಿದರೆ ಒಳಗೆ ಹಸಿ ಉಳಿದು ಕೆನ್ನೆ ಕುಸಿಯುತ್ತದೆ. ಮೂಗಿನ ಅಂಚನ್ನು ಹೆಬ್ಬೆರಳಿನಿಂದ ತೀಡುವ ಆ ಹದವನ್ನು ತಪ್ಪದೆ ಗಮನಿಸಿ. ಬಣ್ಣ ಹಚ್ಚಿ, ಮೀಸೆ ತಿದ್ದಿ, ಕೊನೆಗೆ ಕಣ್ಣು ಬರೆಯುವಾಗ ದಯವಿಟ್ಟು ಮಾತು ಬೇಡ. ಫೋಟೊ ಬೇಕಿದ್ದರೆ ಮೊದಲು ಅವರನ್ನು ಕೇಳಿ. ನಮಗಾಗಿ ಅವರ ಅರ್ಧ ದಿನದ ದುಡಿಮೆ ನಿಲ್ಲುತ್ತದೆ, ತಲಾ 200 ರೂಪಾಯಿ ಕೊಡುವುದು ನ್ಯಾಯ. ಮಕ್ಕಳನ್ನು ಖಂಡಿತ ಕರೆತನ್ನಿ. ಶುಕ್ರವಾರದೊಳಗೆ ಹೆಸರು ತಿಳಿಸಿ.